ಬೈಸಿಕೊಳ್ಳಲು ಒಂದು ಕಂಪ್ಯೂಟರ್

ಹೆಂಡತಿಯ ಬಾಯಿ ಮುಚ್ಚಿಸಲು ಉಪಾಯ ಹುಡುಕುವ ಗಂಡಸರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಹೆಂಡತಿಯಿಂದ ಬೈಸಿಕೊಳ್ಳಬೇಕೆಂದೇ ಹಳೇ ಕಂಪ್ಯೂಟರೊಂದನ್ನು ಬಿಚ್ಚಿಕೊಂಡು ಕೂತವರನ್ನು ಎಲ್ಲಾದರೂ ನೋಡಿದ್ದೀರಾ? ಇಲ್ಲವೆಂದರೆ ನಿಪ್ಪಾಣಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಟಿಕೆಟ್ ಗಿಕೆಟ್ ಏನೂ ಇಲ್ಲ. ಬಾಗಿಲಿಗೆ ಬಂದವರ ಕೈಗೆ ಟಾರ್ಚು ಕೊಟ್ಟು "ಇಲ್ಲಿ ಹಿಡಿ" ಎನ್ನುತ್ತಾರೆ, ಅಷ್ಟೇ. ಎಷ್ಟು ಹೊತ್ತು ಅಂತ ಕೇಳಬೇಡಿ!

ಮಾಮಾ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ತೂಕದ ಕೆಲಸ ಮಾಡಿ ನಿವೃತ್ತರಾದವರು. ಕೆಟ್ಟದ್ದನ್ನು ರಿಪೇರಿ ಮಾಡುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಮಾಮಾ ಚೆನ್ನಾಗಿರುವುದನ್ನೂ ರಿಪೇರಿ ಮಾಡುತ್ತಾರೆ. ಮಿಕ್ಸರಿನ ಸದ್ದು "ಯಾಕೋ ಬ್ಯಾರೆ ಬರಾಕತ್ತೈತಿ" ಎಂದರೆ ಮುಗಿಯಿತು, ಆ ವಾರ ಚಟ್ನಿ ಇಲ್ಲ. ಮಾಮಿಯೇನು ಕಡಿಮೆಯೇ? ಗಡಿಯಾಚೆಯಿಂದ ಮದುವೆಯಾಗಿ ಬಂದವರು. ಸಂಸಾರ ಮಾಡಿದ್ದು ಕನ್ನಡದಲ್ಲಿ, ಗಂಡನನ್ನು ಬೈದದ್ದು ಮರಾಠಿಯಲ್ಲಿ.

ಅಂಥ ಮಾಮಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಕೈಕಾಲು ಹೇಗೋ ಸುಧಾರಿಸಿದವು, ಮಾತು ಮಾತ್ರ ಬರಲಿಲ್ಲ. ಮಾತಾಡಿಸುತ್ತಾ ಇರಿ, ಬಂದರೂ ಬರಬಹುದು ಎಂದರು ಡಾಕ್ಟರು. ಚಿಕ್ಕೋಡಿಯಿಂದ ನಾನು ವಾರವಾರ ಹೋಗಿ ಊರಿನ ಸುದ್ದಿಯನ್ನೆಲ್ಲ ಒದರಿದೆ. ಅವರ ಮಗಳು ಅಥಣಿಯಿಂದ ಬಂದು ಕೂತು ಹಾಡು ಹೇಳಿದಳು. ಮಾಮಿ ತಲೆ ಅಲ್ಲಾಡಿಸುತ್ತಿದ್ದರು, ನಗುತ್ತಿದ್ದರು, ತುಟಿ ಬಿಚ್ಚುತ್ತಿರಲಿಲ್ಲ.

ಮಾಮಾರ ಲೆಕ್ಕವೇ ಬೇರೆ. "ನೀವೆಲ್ಲಾ ಆಕಿ ಜೋಡಿ ಪ್ರೀತಿಲೆ ಮಾತಾಡಾಕತ್ತೀರಿ, ಅದಕ್ಕ ಬರವಲ್ದು," ಎಂದರು. "ಮದಿವ್ಯಾದಾಗಿಂದ ಆಕಿ ಬಾಯಿ ತೆರದಿದ್ದಽ ನನ್ನ ಬೈಯಾಕ. ಬೈಯೂ ಹಂಗ ಏನರ ಮಾಡಿದ್ರ ಮಾತ ತಾನ ಬರ್ತೈತಿ ನೋಡ."

ಚಿಕಿತ್ಸೆ ಸುರುವಾಯಿತು! ಮಾಮಾ ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಹೋದರು. ತಂಬಿಗೆಯನ್ನು ಬಾಯಿಗೆ ಕಚ್ಚಿ ನೀರು ಕುಡಿದರು. ಒದ್ದೆ ಟವೆಲನ್ನು ಹಾಸಿಗೆಯ ನಡುಮಧ್ಯೆ ಒಗೆದು, ಪಕ್ಕದಲ್ಲೇ ಕೂತು ಬೈಗುಳಕ್ಕೆ ಕಾದರು. ಮಾಮಿ ಸುಮ್ಮನೆ ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ಆ ಟವೆಲನ್ನು ತಾವೇ ಹಗ್ಗದ ಮೇಲೆ ಹಾಕಿ ಬಂದರು. ಅವತ್ತು ಮಾಮಾಗೆ ಊಟ ಸೇರಲಿಲ್ಲ.

ಆಗ ನೆನಪಾದದ್ದೇ ಈ ಕಂಪ್ಯೂಟರ್. ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಬಹಳ ಹಿಂದೆ ತಂದುಕೊಟ್ಟದ್ದು. ಬದಲಿಗೆ ಮಾಮಾ ಅವನಿಗೆ ಒಂದು ಪೆಂಟಿ ಬೆಲ್ಲ ಕೊಟ್ಟರಂತೆ! ನೋಡಲು ಬರೀ ಕೀಬೋರ್ಡು. ಹೊಟ್ಟೆಯೊಳಗೇ ಎಲ್ಲ. ಪರದೆಯ ಬದಲು ಮನೆಯ ಟಿವಿಗೇ ಜೋಡಿಸಬೇಕು. ಆಟವೋ ಲೆಕ್ಕವೋ ಬೇಕೆಂದರೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಬೇಕು. ಅದು ಕೀಂವ್ ಎಂದು ಕಿರುಚಿ ಕಿರುಚಿ, ಪರದೆಯ ತುಂಬ ಪಟ್ಟೆ ಕುಣಿಸಿ, ಮನಸ್ಸಿದ್ದರೆ ಕೊನೆಗೆ ಆಟ ತೋರಿಸುತ್ತಿತ್ತು.

ಆ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ದೇವರ ಧಾರಾವಾಹಿ ಬರುತ್ತಿತ್ತು. ಓಣಿಗೆಲ್ಲ ಒಂದೇ ಟಿವಿ, ಅದೂ ಮಾಮಿಯದು. ಹೆಂಗಸರು ಸ್ನಾನ ಮಾಡಿ ಬಂದು, ಟಿವಿಗೆ ಕುಂಕುಮ ಹಚ್ಚಿ ಕೈಮುಗಿದು ಕೂರುತ್ತಿದ್ದರು. ಅಂಥ ಒಂದು ಭಾನುವಾರ ಮಾಮಾ ಕ್ಯಾಸೆಟ್ ಹಚ್ಚಿದರು ನೋಡಿ! ಕರಿ ಬಿಳಿ ಪಟ್ಟೆ ಕುಣಿದವು, ಕಿರುಚಾಟ ಎದ್ದಿತು. ಮುಂದೆ ಕೂತಿದ್ದ ಅಜ್ಜಿ ದೇವರು ಅಸ್ತ್ರ ಬಿಟ್ಟನೆಂದೇ ತಿಳಿದು, ಆರತಿ ಎತ್ತಿ ಟಿವಿಯ ಮೇಲೆ, ಕೀಬೋರ್ಡಿನ ಮೇಲೆ ಮುಷ್ಟಿಗಟ್ಟಲೆ ಕುಂಕುಮ, ಅಕ್ಷತೆ ಸುರಿದುಬಿಟ್ಟಳು. ಎಲ್ಲರೂ ಕೈಮುಗಿದರು. ಪಟ್ಟೆ ನಿಲ್ಲುವಷ್ಟರಲ್ಲಿ ಧಾರಾವಾಹಿ ಮುಗಿದಿತ್ತು. ಆ ದಿನ ಮಾಮಿ ಬೈದದ್ದು ಗಡಿಯಲ್ಲಿರುವ ಕೊಗನೊಳ್ಳಿ ನಾಕಾದವರೆಗೂ ಕೇಳಿಸಿತೆಂದು ಓಣಿಯವರು ಈಗಲೂ ಹೇಳುತ್ತಾರೆ. ಅಂದೇ ಕಂಪ್ಯೂಟರಿಗೆ ವಖಾರಿಯ ಅಟ್ಟ ತೋರಿಸಲಾಯಿತು.

ಅದನ್ನೀಗ ಇಳಿಸಿ ತಂದಿದ್ದರು. ಮುಚ್ಚಳ ತೆಗೆದದ್ದೇ ತಡ, ಮಾಮಾ ಸೀನಿದರು, ನಾನು ಸೀನಿದೆ, ಹಾಲು ಕೊಡಲು ಬಂದವನೂ ಸೀನಿದ. ಅಷ್ಟು ವರ್ಷದ ತಂಬಾಕಿನ ಧೂಳು! ಬ್ರಷ್ಷಿನಿಂದ ಅದನ್ನೆಲ್ಲ ಗುಡಿಸಿದರೆ, ಗುಂಡಿಗಳ ಕೆಳಗೆ ಗಟ್ಟಿಯಾದ ಕುಂಕುಮ, ಅದರಲ್ಲಿ ಅಂಟಿದ ಅಕ್ಕಿಕಾಳು.

"ಇದೊಂದಽ ಕಂಪ್ಯೂಟರ್ ನೋಡ ಯವ್ವಾ, ಮುತ್ತೈದಿ ಆಗಿದ್ದು," ಎಂದರು ಮಾಮಾ ನನಗೆ.

ನನಗೆ ಸಿಟ್ಟು ಬಂತು. "ಮಾಮಾ, ಮಾಮಿಗೆ ಕೈಕಾಲಿನ ವ್ಯಾಯಾಮ ಮಾಡಸೂದ ಬಿಟ್ಟ ಇದನ್ನೇನ ಹಚ್ಗೊಂಡ ಕುಂತೀರಿ?"

ಅವರು ತಲೆಯೆತ್ತಲಿಲ್ಲ. "ವ್ಯಾಯಾಮ ಮುಂಜಾನೆನಽ ಆಗೇತಿ," ಎಂದರು. ಗುಂಡಿಗಳ ಮೇಲೆ ಬ್ರಷ್ಷಾಡಿಸುತ್ತ, "ಆಕಿ ಬೈಲಿಲ್ಲಂದ್ರ ನಾ ಮನ್ಯಾಗ ಅದೀನೋ ಇಲ್ಲೋ ನನಗಽ ತಿಳಿಯವಲ್ದು," ಎಂದರು. ನಾನು ಟಾರ್ಚು ಹಿಡಿದೆ.

ರಿಪೇರಿ ಸುಲಭಕ್ಕೆ ಮುಗಿಯುವುದೇ? ಮೊದಲು ಟಿವಿಯಲ್ಲಿ ಏನೂ ಬರಲಿಲ್ಲ. ಒಳಗಿನ ಕೆಪ್ಯಾಸಿಟರುಗಳು ಒಣಗಿವೆಯೆಂದು ಕೊಲ್ಹಾಪುರಕ್ಕೆ ಹೋಗಿ ಹೊಸವು ತಂದು ಬೆಸೆದರು. ಆಗ ಅಲೆಅಲೆಯಾಗಿ ಗೆರೆಗಳು ಬಂದವು. ಚಿಪ್‌ಗಳನ್ನು ಕಿತ್ತು, ಅವುಗಳ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಕೂರಿಸಿದರು. ಗೆರೆಗಳು ಅಡ್ಡ ಇದ್ದವು ಉದ್ದ ಆದವು!

ಇನ್ನು ಬಿಚ್ಚಿದ ಸ್ಕ್ರೂಗಳ ಕತೆ. ಯಾವ ಸ್ಕ್ರೂ ಯಾವ ಮೂಲೆಯದೆಂದು ಮರೆಯಬಾರದಲ್ಲ? ಮಾಮಾ ತಮ್ಮದೇ ಪದ್ಧತಿಯಂತೆ ಬುಟ್ಟಿಯ ಬದನೆಕಾಯಿಗಳಿಗೆ ತೊಟ್ಟಿನ ಮರೆಯಲ್ಲಿ ಒಂದೊಂದು ಸ್ಕ್ರೂವನ್ನು ತಲೆಯವರೆಗೆ ಚುಚ್ಚಿ, ಸಾಲಾಗಿ ಜೋಡಿಸಿಟ್ಟಿದ್ದರು. ನನಗೇನು ಕನಸು ಬಿದ್ದಿತ್ತೇ? ಒಳ್ಳೆ ಎಳೇ ಬದನೆಕಾಯಿ ಎಂದು ತೊಳೆದು, ಸೀಳಿ, ಶೇಂಗಾ ಪುಡಿ ತುಂಬಿ ಎಣಗಾಯಿ ಮಾಡಿದೆ. ಜೋಳದ ರೊಟ್ಟಿಯ ಜೊತೆ ಮಾಮಾರ ಮೊದಲ ತುತ್ತಿಗೇ ಕಟಕ್ಕೆಂದಿತು. ಹಲ್ಲು ಹೋಯಿತೆಂದು ನಾನು ಗಾಬರಿಯಾದರೆ, ಮಾಮಾ ಬಾಯಿಂದ ಸ್ಕ್ರೂ ತೆಗೆದು ಬೆಳಕಿಗೆ ಹಿಡಿದು, "ಎಡಗಡೆ ಮ್ಯಾಲಿಂದು!" ಎಂದು ಖುಷಿಪಟ್ಟರು. ಉಳಿದವನ್ನೆಲ್ಲ ಎಣಗಾಯಿ ಕಿವುಚಿ ಕಿವುಚಿ ಹುಡುಕಿದೆವು. ಮೊದಲಿನ ಮಾಮಿಯಾಗಿದ್ದರೆ ನಮ್ಮಿಬ್ಬರನ್ನೂ ತಾಟಿನ ಸಮೇತ ಅಂಗಳಕ್ಕೆ ಕಳಿಸುತ್ತಿದ್ದರು. ಈಗ ನಕ್ಕರು, ಸದ್ದಿಲ್ಲದೆ. ಮಾಮಾ ಆ ನಗುವನ್ನೇ ನೋಡುತ್ತ ಕೂತರು. ಬಾಯಿ ತೆರೆಯುತ್ತದೆಯೇನೋ ಎಂಬ ಆಸೆ.

ಆ ಸಂಜೆ ನಡೆದದ್ದು ಮಾತ್ರ ಚಿಕಿತ್ಸೆಯಲ್ಲ, ಆಣೆ ಮಾಡಿ ಹೇಳುತ್ತೇನೆ. ಚಿಕಿತ್ಸೆಯ ನೆನಪು ಮಾಮಾಗೆ ಇರಲೇ ಇಲ್ಲ. ಕೊನೆಯ ಚಿಪ್ ಒಂದು ಸಡಿಲ ಕೂತದ್ದು ಕಣ್ಣಿಗೆ ಬಿದ್ದು, ಅದನ್ನು ಅಮುಕಿದವರೇ ಓಡಿಹೋಗಿ ಟಿವಿಗೆ ವಾಯರು ಸಿಕ್ಕಿಸಿ ರಿಮೋಟು ಒತ್ತಿದರು. ಮಾಮಿ ತಮ್ಮ ಮರಾಠಿ ಧಾರಾವಾಹಿ ನೋಡುತ್ತಿದ್ದರು. ಸೊಸೆ ಅಳುತ್ತ ಇನ್ನೇನು ನಿಜ ಹೇಳಬೇಕು, ಆಕೆ ಮಾಯ! ಬಿಳಿ ಪರದೆ ಬಂತು. ಮೂಲೆಯಲ್ಲಿ ಪುಟ್ಟ ಕರಿ ಚೌಕವೊಂದು ಮಿಟುಕತೊಡಗಿತು.

"ಬಂತ! ಯವ್ವಾ, ಬಂತ ನೋಡ!" ಮಾಮಾ ನೆಲದ ಮೇಲೆ ಕುಕ್ಕರಿಸಿ ಕೂತು ಒಂದೇ ಬೆರಳಿನಿಂದ ಟಕ್ ಟಕ್ ಎಂದು ಕುಟ್ಟತೊಡಗಿದರು. ಪರದೆಯ ಮೇಲೆ ಅವರ ಹೆಸರು ಮೂಡಿತು. ಅದರ ಕೆಳಗೆ ಮಾಮಿಯ ಹೆಸರನ್ನು ಕುಟ್ಟಲು ಹಿಡಿದರು.

ಮಾಮಿ ಪರದೆಯನ್ನು ನೋಡಿದರು. ಮಾಮಾರ ಬೆನ್ನನ್ನು ನೋಡಿದರು. ಅವರ ಕೈ ಮಂಚದ ಅಂಚನ್ನು ಹಿಡಿಯಿತು, ತುಟಿಗಳು ಬಿಚ್ಚಿಕೊಂಡವು.

"ಬಂದ್... ಬಂದ್ ಕರಾ ತೆ."

ಟಾರ್ಚು ನನ್ನ ಕೈಯಿಂದ ಬಿತ್ತು. ಮಾಮಾರ ಬೆರಳು ಗುಂಡಿಯ ಮೇಲೆ ನಿಂತುಹೋಯಿತು. ಅವರು ತಿರುಗಿ ನೋಡಲಿಲ್ಲ.

"ಏನಂದಿ?"

"ಬಂದ್ ಕರಾ! ಮಾಝೀ... ಮಾಲಿಕಾ!"

ಮರಾಠಿಯಲ್ಲೇ ಬೈದರು: ಬಂದ್ ಮಾಡಿ ಅದನ್ನು, ನನ್ನ ಧಾರಾವಾಹಿ! ನನಗೆ ಅಳು ಒತ್ತಿ ಬಂತು. ಮಾಮಾರ ಕನ್ನಡಕದ ಕೆಳಗಿನಿಂದ ನೀರು ಇಳಿದು ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಅಷ್ಟು ದಿನ ಕಾಪಾಡಿದ ಕೀಬೋರ್ಡು! ಒರೆಸಿಕೊಳ್ಳಬೇಕೆಂಬ ಎಚ್ಚರವೂ ಆ ಮನುಷ್ಯನಿಗಿರಲಿಲ್ಲ. ಬೆನ್ನು ತಿರುಗಿಸಿಕೊಂಡೇ, "ಕೇಳಸವಲ್ದ ಬೇ," ಎಂದರು. "ಇನ್ನೊಮ್ಮೆ ಅನ್ನು."

ಮಾಮಿ ಅಂದರು, ಇನ್ನೂ ಜೋರಾಗಿ.