ಅತ್ತೆಯ ದಿನಕ್ಕೊಂದು ದಾವೆ

ಮನೆ ಸೋರಿದರೆ ಅಳುವವರನ್ನು ನೋಡಿದ್ದೇನೆ, ಬೈಯುವವರನ್ನು ನೋಡಿದ್ದೇನೆ, ಮನೆಯನ್ನೇ ಮಾರಿ ಓಡಿಹೋದವರನ್ನೂ ನೋಡಿದ್ದೇನೆ. ಆದರೆ ಸೋರುವುದೆಲ್ಲಿ ನಿಂತುಬಿಡುತ್ತದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಕೂತವಳು ಈ ಭೂಮಿಯ ಮೇಲೆ ಒಬ್ಬಳೇ. ನಮ್ಮತ್ತೆ! ಅಂದರೆ ನಮ್ಮಪ್ಪನ ತಂಗಿ. ಹೆಸರು ಹೇಳುವುದಿಲ್ಲ. ಹೇಳಿದೆನೆಂದು ಗೊತ್ತಾದರೆ ನನ್ನ ಮೇಲೂ ಒಂದು ದಾವೆ ಬಿದ್ದೀತು, ಯಾರಿಗೆ ಬೇಕು?

ಹುಬ್ಬಳ್ಳಿಯ ಅತ್ತೆ ವಿಶಾಖಪಟ್ಟಣ ಸೇರಿದ್ದು ಮಾವನ ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ. ಮಾವ ನಿವೃತ್ತರಾದರು, ಕೆಲವು ವರ್ಷಗಳಲ್ಲಿ ತೀರಿಯೂ ಹೋದರು. ಮಕ್ಕಳಿಲ್ಲ. "ಊರಿಗೆ ಬಂದುಬಿಡು" ಎಂದು ಅಪ್ಪ ಕರೆದೂ ಕರೆದೂ ಸೋತ. ಅತ್ತೆ ದ್ವಾರಕಾ ನಗರದ ಫ್ಲ್ಯಾಟು ಬಿಟ್ಟು ಕದಲಲಿಲ್ಲ. ಕಾರಣ, ಮೇಲಿನ ಮನೆಯ ಸರೋಜಾ. ಆಕೆ ಗದಗಿನ ಕಡೆಯವಳು, ತೆಲುಗಿನ ಕಾಲೇಜು ಮೇಷ್ಟರೊಬ್ಬರನ್ನು ಮದುವೆಯಾಗಿ ಬಂದವಳು. ಇವರಿಬ್ಬರೂ ಮಾತಿಗೆ ಕೂತರೆಂದರೆ ಆ ಕಟ್ಟಡದ ಎರಡು ಮಹಡಿ ಆಂಧ್ರದಿಂದ ಬೇರೆಯಾಗಿ ಧಾರವಾಡದ ಕಡೆಗೆ ಸೇರಿಕೊಳ್ಳುತ್ತಿದ್ದವು!

ಎರಡು ವರ್ಷದ ಹಿಂದೆ ಸರೋಜಾ ತೀರಿಕೊಂಡಳು. ಮೇಷ್ಟರು ಬಾಗಿಲಿಗೆ ಬೀಗ ಜಡಿದು ವಿಜಯವಾಡದಲ್ಲಿದ್ದ ಮಗಳ ಮನೆಗೆ ಹೋದವರು ತಿರುಗಿ ಬರಲಿಲ್ಲ. ಬೀಗ ಹಾಕಿದ ಆ ಮನೆಯ ಅಡುಗೆಮನೆ ಗೋಡೆಯೊಳಗೆ ಒಂದು ಪೈಪು ಒಡೆಯಿತು. ನೀರಿಗೆ ಬೀಗದ ಹಂಗೇನು? ತಣ್ಣಗೆ ಕೆಳಗಿಳಿದು ಅತ್ತೆಯ ಅಡುಗೆಮನೆಯಲ್ಲಿ, ಸರಿಯಾಗಿ ಒಲೆಯ ಮುಂದೆ, ತೊಟ್ಟಿಕ್ಕತೊಡಗಿತು.

ಅತ್ತೆ ಏನು ಮಾಡಿದಳು ಅಂತೀರಿ? ಬಲಗೈಯಲ್ಲಿ ಸೌಟು ಹಿಡಿದಳು, ಎಡಗೈಯಲ್ಲಿ ಕೊಡೆ ಹಿಡಿದಳು! ಹೊರಗೆ ವಿಶಾಖಪಟ್ಟಣದ ಬಿಸಿಲು ತಲೆ ಒಡೆಯುತ್ತಿರುವಾಗ ಒಳಗೆ ಕೊಡೆ ಹಿಡಿದು ಒಗ್ಗರಣೆ ಹಾಕುವ ಹೆಂಗಸೆಂದರೆ ಸುಮ್ಮನೆಯೇ? ಪಕ್ಕದ ಮನೆಯಾಕೆ ತನ್ನ ನೆಂಟರಿಗೆ ಮೊದಲು ನಮ್ಮತ್ತೆಯ ಅಡುಗೆಮನೆ ತೋರಿಸಿ, ಆಮೇಲೆ ಋಷಿಕೊಂಡದ ಕಡಲಿಗೆ ಕರೆದೊಯ್ಯುತ್ತಿದ್ದಳು.

ಅದೇ ಹೊತ್ತಿಗೆ ನನಗೂ ವರ್ಗಾವಣೆಯಾಗಿ ವಿಜಯವಾಡಕ್ಕೆ ಬಂದೆ. ನಾನೂ ಬ್ಯಾಂಕಿನವನೇ, ವಂಶದ ಶಾಪ. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಎಲ್ಲ ಹುಬ್ಬಳ್ಳಿಯಲ್ಲಿ. ನನಗೆ ಒಂದು ಬಾಡಿಗೆ ಕೋಣೆ, ಒಂದು ಫ್ಯಾನು. ದಿನವಿಡೀ ಕೌಂಟರಿನಲ್ಲಿ ಅರೆಬರೆ ತೆಲುಗು ಮಾತಾಡಿ ಸಂಜೆ ಕೋಣೆಗೆ ಬಂದರೆ, ಬಾಯಿ ತೆರೆಯುವುದಕ್ಕೆ ಊಟವೊಂದೇ ನೆಪ. ಹಾಗಾಗಿ ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಅತ್ತೆಯ ಮನೆಗೆ ಓಡುತ್ತಿದ್ದೆ. ಜೋಳದ ರೊಟ್ಟಿಯ ಆಸೆಗೆ ಅಂದುಕೊಂಡಿದ್ದೆ. ಖರೇ ಹೇಳಬೇಕೆಂದರೆ, "ಬಂದ್ಯಾ ತಮ್ಮಾ" ಎನ್ನುವ ಎರಡು ಮಾತಿನ ಆಸೆಗೆ.

ಒಂದು ಸಲ ಹೋದಾಗ ಅತ್ತೆ ನನ್ನನ್ನು ಲಾಯರ ಬಳಿಗೆ ಎಳೆದೊಯ್ದಳು. ಮಿಠಾಯಿ ಅಂಗಡಿಯ ಮೇಲಿನ ಸಣ್ಣ ಆಫೀಸು, ತಾಳ್ಮೆಯ ಮನುಷ್ಯ. ಅತ್ತೆಯದು ಒಂದೇ ಚಿಂತೆ: ನೀರು ಬೀಳತೊಡಗಿ ಎಷ್ಟೋ ತಿಂಗಳಾಯಿತು, ಕೇಸಿನ ಅವಧಿ ಮೀರಿಹೋದರೆ?

ಲಾಯರು ತೆಲುಗಿನಲ್ಲಿ ಬಿಡಿಸಿ ಹೇಳಿದರು. "ಅಮ್ಮಾ, ಒಂದೇ ಸಲ ಆಗಿ ಮುಗಿದ ಹಾನಿ ಬೇರೆ, ಮುಂದುವರಿಯುತ್ತಲೇ ಇರುವ ಹಾನಿ ಬೇರೆ. ಅವರು ಅಲಕ್ಷ್ಯ ಮಾಡುತ್ತಾ ಇರುವ ತನಕ, ನಿಮಗೆ ನೀರು ಬೀಳುತ್ತಾ ಇರುವ ತನಕ, ದಾವೆಯ ಹಕ್ಕು ದಿನಾ ಹೊಸದಾಗಿ ಹುಟ್ಟುತ್ತದೆ."

ಅತ್ತೆಯ ಮುಖ ನೋಡಬೇಕಿತ್ತು! ಲಗ್ನ ನಿಶ್ಚಯವಾದ ಹುಡುಗಿಗೂ ಅಂಥ ಕಳೆ ಬರುವುದಿಲ್ಲ. ಮೆಟ್ಟಿಲಿಳಿಯುತ್ತಾ ನನಗೆ ಹೇಳಿದಳು: "ನಿಮ್ಮ ಬ್ಯಾಂಕಿನ ಸಾಲ ಮೂರು ವರ್ಷಕ್ಕ ಮುದುಕಾಗತದ. ನನ್ನ ಕೇಸು ನೋಡು, ದಿನಾ ಮುಂಜಾನೆ ಎಳೇ ಕೂಸು!" ಆ ದಿನ ಅನಕಾಪಲ್ಲಿ ಬೆಲ್ಲ ತರಿಸಿ ಹೋಳಿಗೆ ಮಾಡಿ ಇಡೀ ಕಟ್ಟಡಕ್ಕೆ ಹಂಚಿದಳು. ಸೋರುವ ಮನೆಗೆ ಹೋಳಿಗೆ ಹಂಚಿದ್ದನ್ನು ಎಲ್ಲಾದರೂ ಕೇಳಿದ್ದೀರಾ?

ಆದರೆ ಲಾಯರಿಗೆ ಒಂದು ತಲೆನೋವು. ಪರಿಹಾರ ಎಷ್ಟು ಕೇಳೋಣ ಎಂದರೆ ಅತ್ತೆಗೆ ಪರಿಹಾರ ಬೇಡ. ರಿಪೇರಿ ಮಾಡಿಸಿಕೊಡಲಿ ಎಂದು ಬರೆಯೋಣವೇ ಎಂದರೆ ಅದೂ ಸಾಲದು. "ಅವರೇ ಸ್ವತಃ ಬಂದು ಬಾಗಲಾ ತಗೀಬೇಕು ಅಂತ ಬರೀರಿ" ಎಂದು ಪಟ್ಟು. ಬಾಗಿಲು ಯಾರು ತೆಗೆದರೂ ಕಾನೂನಿಗೆ ಒಂದೇ ಎಂದು ಲಾಯರು ಹಣೆ ಒತ್ತಿಕೊಂಡರು. ಅತ್ತೆಗೆ ಒಂದೇ ಅಲ್ಲ.

ಇದು ಬರೀ ಬಾಯಿಮಾತಲ್ಲ ಎಂದು ಮುಂದಿನ ತಿಂಗಳೇ ಗೊತ್ತಾಯಿತು. ಮೇಷ್ಟರ ಮಗಳು ಪಾಪ, ಲಾಯರ ನೋಟಿಸಿಗೆ ಹೆದರಿ, ಕೀಲಿ ಕೊಟ್ಟು ಒಬ್ಬ ಪ್ಲಂಬರನನ್ನು ಕಳಿಸಿದ್ದಳು. ಅತ್ತೆ ಅವನನ್ನು ಮೆಟ್ಟಿಲಲ್ಲೇ ತಡೆದಳು. "ನೀನು ಪ್ರತಿವಾದಿಯೇ? ಅಲ್ಲ ತಾನೆ? ಹಾಗಾದರೆ ಬೀಗ ಮುಟ್ಟಬೇಡ" ಎಂದು ತೆಲುಗಿನಲ್ಲಿ ಬೆದರಿಸಿ, ಒಳಗೆ ಕರೆದು ಹೊಟ್ಟೆ ತುಂಬ ಉಪ್ಪಿಟ್ಟು ತಿನ್ನಿಸಿ, ವಾಪಸು ಅಟ್ಟಿದಳು. "ಅಮ್ಮಗಾರು ಬಹಳ ಒಳ್ಳೆಯವರು, ಆದರೆ ಹತ್ತಿರ ಸೇರಿಸುವುದಿಲ್ಲ" ಎಂದು ಅವನು ವಿಜಯವಾಡಕ್ಕೆ ವರದಿ ಒಪ್ಪಿಸಿದನಂತೆ.

ಕೋರ್ಟಿನಲ್ಲಿ ಎದುರು ವಕೀಲರು ಎದ್ದು, ತಮ್ಮ ಕಕ್ಷಿದಾರರಿಗೆ ವಯಸ್ಸಾಗಿದೆ, ಮೊಣಕಾಲು ನೋವು, ಪ್ರಯಾಣ ಆಗುವುದಿಲ್ಲ ಎಂದರು. ಅತ್ತೆ ಹಿಂದಿನ ಬೆಂಚಿನಿಂದಲೇ ಎದ್ದು ನಿಂತಳು. "ಮೊಣಕಾಲು ನನಗೂ ಇವೆ ಸಾರ್, ಎರಡೂ ನೋಯುತ್ತವೆ!" ಜಡ್ಜರು ನಗು ತಡೆದುಕೊಂಡು, ಈ ವ್ಯಾಜ್ಯ ಲೋಕ ಅದಾಲತ್ತಿಗೆ ಹೋಗಲಿ, ಇಬ್ಬರೂ ಖುದ್ದಾಗಿ ಬಂದು ರಾಜಿಯಾಗಲು ನೋಡಲಿ ಎಂದರು. ಖುದ್ದಾಗಿ ಎಂಬ ಮಾತು ಕೇಳಿದ್ದೇ ಅತ್ತೆ ಅಲ್ಲೇ ಕೈಮುಗಿದಳು.

ಲೋಕ ಅದಾಲತ್ತಿಗೆ ವಾರವಿದ್ದಾಗ ನಾನು ಹೋಗಿದ್ದೆ. ಒಣಹಾಕಿದ್ದ ಸಂಡಿಗೆ ತಾ ಎಂದು ಅತ್ತೆ ಟೆರೇಸಿಗೆ ಕಳಿಸಿದಳು. ಅಲ್ಲಿ ನೀರಿನ ಟ್ಯಾಂಕಿನಿಂದ ಸಾಲಾಗಿ ಪೈಪುಗಳು ಇಳಿದಿವೆ. ಒಂದೊಂದಕ್ಕೂ ಒಂದೊಂದು ವಾಲ್ವು, ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಮನೆಯ ನಂಬರು. ಮೇಷ್ಟರ ಮನೆಯ ನಂಬರೂ ಇತ್ತು! ಅರೆ, ಇದನ್ನು ತಿರುಗಿಸಿದರೆ ಮುಗಿಯಿತಲ್ಲ, ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವೇ ಎಂದು ಬೀಗುತ್ತಾ ತಿರುಗಿಸಿ ಬಂದೆ.

ಮಾರನೆಯ ಬೆಳಿಗ್ಗೆ ಅಡುಗೆಮನೆ ಒಣಗಿತ್ತು. ಅತ್ತೆ ಮೆಚ್ಚಿಕೊಂಡಾಳೆಂದು ಚಹಾ ಹಿಡಿದು ಕಾದು ಕೂತೆ. ಆಕೆ ಸೂರು ನೋಡಿದಳು, ನನ್ನನ್ನು ನೋಡಿದಳು.

"ಮ್ಯಾಲೆ ವಾಲ್ವಿಗೆ ಕೈ ಹಚ್ಚಿದ್ಯಾ?"

"ಹೂಂ ಅತ್ಯಾ!"

ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಲಿಫ್ಟು ಟೆರೇಸಿನವರೆಗೆ ಹೋಗುವುದಿಲ್ಲ; ಕೊನೆಯ ಮೆಟ್ಟಿಲುಗಳನ್ನು ಆ ಮೊಣಕಾಲಿನಲ್ಲೇ ಹತ್ತಿ, ಇಳಿದು, ಏದುಸಿರು ಬಿಡುತ್ತಾ ಬಂದು ಕುರ್ಚಿಯಲ್ಲಿ ಕುಸಿದಳು. ಸ್ವಲ್ಪ ಹೊತ್ತಿಗೆ ಒಲೆಯ ಮುಂದೆ ಮತ್ತೆ ತೊಟಕ್, ತೊಟಕ್!

"ನಿನಗ ಮೊದಲಿಂದ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದ ಏನು? ನಾ ಏನು ಹುಚ್ಚೀನ?"

"ಅತ್ಯಾ, ಹಾನಿ ತಡಿಯೂದು ಕೈಯಾಗಿದ್ದೂ ತಡೀಲಿಲ್ಲಾ ಅಂತ ಆ ವಕೀಲರಿಗೆ ಗೊತ್ತಾದ್ರ ನಿನ್ನ ಕೇಸು ಬಿದ್ದು ಹೋಗತದ. ಯಾಕ ಬೇಕಿತ್ತು ಇದೆಲ್ಲಾ?"

ಅತ್ತೆ ಎದ್ದು ತೊಟ್ಟಿಕ್ಕುವಲ್ಲಿಗೆ ಒಂದು ಪಾತ್ರೆ ಸರಿಸಿಟ್ಟಳು. ಆಮೇಲೆ ಹೇಳಿದಳು: "ಸರೋಜಾ ಹೋದಾಗ ನಾ ಹುಬ್ಬಳ್ಳ್ಯಾಗ, ನಿನ್ನ ತಂಗೀ ಮದವ್ಯಾಗ ಇದ್ದೆ. ಬಂದು ನೋಡ್ತೀನಿ, ಬಾಗಲಕ್ಕ ಬೀಗ. ಅಕೀ ಮಾರಿ ಸೈತ ನೋಡಲಿಲ್ಲ ನಾ. ಯಾರ ಮುಂದ ಅಳಲೋ ತಮ್ಮಾ? ಅಕಿ ಎಂಥಾಕಿ ಇದ್ಲು ಅಂತ ಗೊತ್ತಿದ್ದವರು ಇಬ್ಬರೇ. ಒಬ್ಬಾಕಿ ನಾ, ಇನ್ನೊಬ್ಬರು ಅವರು."

"ಫೋನ್ ಮಾಡಿ ಕರದಿದ್ರ ಬರ್ತಿದ್ರು."

"ಮಾಡಿದ್ದೆ. ಆಮ್ಯಾಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ರು. ಗಂಡ ಸತ್ತಾಕಿ ನಾನು. ಹೆಂಡ್ತಿ ಸತ್ತ ಗಂಡಸಿಗೆ ‘ಬರ್ರಿ, ಕೂತು ಮಾತಾಡೂಣು’ ಅಂತ ಹ್ಯಾಂಗ ಅನ್ನಲಿ? ಅವರ ಮಗಳು ಏನಂದಾಳು? ಈ ಬಿಲ್ಡಿಂಗಿನ ಮಂದಿ ಏನಂದಾರು? ಕೋರ್ಟು ಕರದ್ರ ಯಾರೂ ಏನೂ ಅನ್ನೂದಿಲ್ಲ ನೋಡು."

ಒಂದು ಊರಿನಲ್ಲಿ ಅಳುವುದಕ್ಕೂ ಜೊತೆಯಿಲ್ಲದೆ ಇರುವುದೆಂದರೆ ಏನೆಂದು ಆ ಕ್ಷಣ ಎದೆಗೆ ತಟ್ಟಿತು. ವಿಜಯವಾಡದ ನನ್ನ ಕೋಣೆಯೂ ನೆನಪಾಯಿತು.

ವಿಜಯವಾಡಕ್ಕೆ ಮರಳಿದ ಸಂಜೆಯೇ ಮೇಷ್ಟರನ್ನು ಹುಡುಕಿಕೊಂಡು ಹೋದೆ. ಮಗಳ ಮನೆಯ ಬಾಲ್ಕನಿಯಲ್ಲಿ, ಪೇಪರು ಮಡಿಲಲ್ಲಿಟ್ಟುಕೊಂಡು, ಓದದೆ ಕೂತಿದ್ದರು. ವಾದಿಯ ಅಣ್ಣನ ಮಗ ಎಂದು ಗೊತ್ತಾದರೂ ಸಿಟ್ಟಾಗಲಿಲ್ಲ. ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: "ಆ ಬಾಗಿಲು ತೆಗೆದರೆ ಅವಳು ಒಳಗಿಲ್ಲ ಎನ್ನುವುದು ಖಾತ್ರಿಯಾಗುತ್ತದೆ ಬಾಬೂ. ಅದಕ್ಕೇ ಬರಲಿಲ್ಲ."

"ನೀವು ಬರದಿದ್ದರೆ ನಮ್ಮತ್ತೆ ಬಿಡುವವಳಲ್ಲ ಮಾಸ್ಟರುಗಾರು. ದಿನಾ ಹೊಸ ದಾವೆ ಹುಟ್ಟುತ್ತದಂತೆ" ಎಂದೆ.

ಅವರು ನಕ್ಕುಬಿಟ್ಟರು. "ಸರೋಜಾ ಹೇಳುತ್ತಿದ್ದಳು, ಕೆಳಗಿನವಳು ಹಿಡಿದರೆ ಬಿಡುವುದಿಲ್ಲ ಅಂತ." ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂದಿದ್ದವು.

ಲೋಕ ಅದಾಲತ್ತಿನ ಹಿಂದಿನ ದಿನ ಮೇಷ್ಟರು ನನ್ನ ಜೊತೆಗೇ ರೈಲಿನಲ್ಲಿ ಬಂದರು. ಅತ್ತೆ ಮಡಿಕೆ ಮುರಿಯದ ಸೀರೆಯುಟ್ಟು ಮೇಲಿನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡು ವರ್ಷದ ಬೈಗುಳ ಕಂಠಪಾಠ ಮಾಡಿಕೊಂಡೇ ಬಂದಿರಬೇಕು, ಮುಖ ಹಾಗಿತ್ತು. ಮೇಷ್ಟರು ಗೊಂಚಲಿನ ಕೀಲಿ ಒಂದಾದ ಮೇಲೊಂದು ಹಾಕಿ ನೋಡಿದರು, ಯಾವುದೂ ಬೀಗಕ್ಕೆ ಕೂರಲಿಲ್ಲ. ನಾನೇ ಇಸಿದುಕೊಳ್ಳಲು ಹೋದರೆ ಅತ್ತೆ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. ಕೊನೆಗೆ ಅವರೇ ತೆಗೆದರು.

ಮೂವರೂ ನೇರ ಅಡುಗೆಮನೆಗೆ ಹೋದೆವು. ಗೋಡೆಗೆ ಪಾಚಿ ಹಿಡಿದಿತ್ತು. ಪಾತ್ರೆಗಳು ಸರೋಜಾ ಬೋರಲು ಹಾಕಿದ್ದ ಹಾಗೇ ಇದ್ದವು. ಅತ್ತೆ ಬೈಯಲು ಬಾಯಿ ತೆರೆದವಳು ಅವನ್ನು ನೋಡುತ್ತಾ ನಿಂತುಬಿಟ್ಟಳು. ಏನು ಮಾಡಬೇಕೆಂದು ಮೇಷ್ಟರಿಗೂ ತಿಳಿಯಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದರೂ ಅವರು ಕನ್ನಡದಲ್ಲಿ ಒಂದು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಬರುತ್ತಿದ್ದದ್ದು, ಹೆಂಡತಿ ದಿನಾ ಸಂಜೆ ಬಾಗಿಲಲ್ಲಿ ನಿಂತು ನಮ್ಮತ್ತೆಗೆ ಹೇಳುತ್ತಿದ್ದ ಒಂದೇ ಒಂದು ಮಾತು ಎಂದು ಕಾಣುತ್ತದೆ. ಗದಗಿನ ಅದೇ ರಾಗದಲ್ಲಿ, ತಡವರಿಸುತ್ತಾ ಹೇಳಿದರು:

"ಬಾರವಾ, ಕೂಡು. ಊಟ ಆತೇನು?"

"ಇಲ್ಲ, ಆಗಿಲ್ಲ" ಎಂದಳು ಅತ್ತೆ. ಎಂದವಳು ಆ ಧೂಳು ನೆಲದ ಮೇಲೇ ಕೂತು, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟರೂ ಗೋಡೆಗೊರಗಿ ಎದುರಿಗೆ ಕೂತು ಅತ್ತರು. ನಾನು ಕೆಳಗೆ ಹೋಗಿ ಮೂರು ಜನಕ್ಕೆ ಅನ್ನಕ್ಕಿಟ್ಟೆ.