ಪ್ಲಾಟರ್ ಮುಂದೆ ಕೂತವರು

ಒಬ್ಬನೇ ಕೂತು ಕೆಲಸ ಮಾಡುವವನಿಗೇ ಇಂಥ ಪ್ರಸಂಗಗಳು ಯಾಕೆ ಎದುರಾಗುತ್ತವೋ ತಿಳಿಯದು. ನಡೆದಾಗ ಜೊತೆಗೆ ನಗಲು ಯಾರೂ ಇರುವುದಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ.

ನಾನು ತುಮಕೂರಿನ ಕಡೆಯವನು. ತೊಂಬತ್ತರ ದಶಕದ ಕೊನೆಯಲ್ಲಿ ಬಸವಕಲ್ಯಾಣದ ಇಂಜಿನಿಯರ್ ಸಾಹೇಬರೊಬ್ಬರು ಹುಮನಾಬಾದಿನ ಹೆದ್ದಾರಿ ಪಕ್ಕ ಒಂದು ಕೋಣೆ ಹಿಡಿದು, ಮನೆಗಳ ನಕ್ಷೆ ಬರೆಯುವ ಪೆನ್ ಪ್ಲಾಟರನ್ನೂ ಅದನ್ನು ನೋಡಿಕೊಳ್ಳಲು ನನ್ನನ್ನೂ ತಂದಿಟ್ಟರು. ಆ ಊರಲ್ಲಿ ನನಗೆ ಗುರುತಿದ್ದದ್ದು ಆ ಯಂತ್ರವೊಂದೇ.

ನಿಂಬೆಹಣ್ಣು

ಪ್ಲಾಟರ್ ಜೋಡಿಸಿ, ಅಲುಗದಂತೆ ಮಟ್ಟ ಮಾಡಿ, ಕಂಪ್ಯೂಟರಿಗೆ ವೈರ್ ಕೊಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಪೂಜೆಗೆ ಸಾಹೇಬರ ಅಣ್ಣ ಬಂದರು. ಕಾಯಿ ಒಡೆದು, ಬಗ್ಗಿ ನೋಡಿ, ಸ್ಟ್ಯಾಂಡಿಗೆ ಗಾಲಿಗಳಿರುವುದನ್ನು ಕಂಡು ಬಲು ಖುಷಿಪಟ್ಟರು. ಪ್ರತಿ ಗಾಲಿಯ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟು, ನಾನು ಬೇಡ ಎನ್ನುವ ಮೊದಲೇ ದೂಡಿಯೇಬಿಟ್ಟರು. ವೈರ್ ಕಿತ್ತು ಬಂತು. ಪ್ಲಾಟರ್ ಹೊಸ್ತಿಲಿಗೆ ಬಡಿದು ನಿಂತಿತು.

"ಮಟ್ಟ ಮಾಡಿಟ್ಟಿದ್ದೆ ಸಾರ್," ಎಂದೆ ಅಳುವ ದನಿಯಲ್ಲಿ.

"ಹೊಸಾ ಗಾಡಿ ಜರಾ ಮುಂದ ಹೋಗಬೇಕ್ರಿ," ಎಂದು ಕೈ ಮುಗಿದರು. ಮೆಟ್ಟಿಲಿಳಿಯುತ್ತಾ ತಮ್ಮನಿಗೆ ಹೇಳಿದ್ದು ಕೇಳಿಸಿತು: "ಬ್ರೇಕ್ ಚಲೋ ಅವ."

ಅಡಿಗೆಮನೆಯ ಗೋಡೆ

ಪೆನ್ ಪ್ಲಾಟರ್ ನಿಧಾನದ ಪ್ರಾಣಿ. ಪೆನ್ನು ಹಿಡಿದು ಒಂದೊಂದೇ ಗೆರೆ ಎಳೆಯುತ್ತದೆ, ದಪ್ಪ ಗೆರೆ ಬಂದರೆ ಆ ಪೆನ್ನಿಟ್ಟು ಬೇರೆ ತರುತ್ತದೆ. ತಮ್ಮ ಮನೆ ಮೂಡುವುದನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ನನಗೂ ಅದೇ ಬೇಕಿತ್ತು.

ಬಸವಕಲ್ಯಾಣದ ಗಂಡ-ಹೆಂಡತಿ ಹೀಗೇ ಕೂತಿದ್ದರು. ಪೆನ್ನು ಅಡಿಗೆಮನೆಯ ಗೋಡೆ ಎಳೆಯತೊಡಗಿದ್ದೇ ತಡ, ಆಕೆ ಗಾರೆ ಕೆಲಸದ ಗೌಂಡಿಯನ್ನು ಗದರಿಸುವಂತೆ ಅದನ್ನು ಗದರಿಸಿದರು: "ಏ, ನಿಂದ್ರು! ಅಡಗಿ ಮನಿ ಸಣ್ಣದಾಗಾಕತ್ತದ. ಜರಾ ಆಕಡಿ ಸರಿ!"

ಸರಿಯಾಗಿ ಆಗಲೇ ಪೆನ್ನು ಮೇಲೆದ್ದು ಹೋಯಿತು. "ನೋಡ್ರಿ, ಹ್ಯಾಂಗ ಮಾತು ಕೇಳ್ತು!" ಎಂದು ಆಕೆ ಬೀಗಿದರು. ಪೆನ್ನು ಬದಲಾಯಿಸಿಕೊಂಡು ಬಂದ ಪ್ಲಾಟರ್ ಅದೇ ಗೋಡೆಯನ್ನು ಅಲ್ಲೇ ದಪ್ಪಗೆ ಎಳೆಯಿತು.

ಗಂಡ ನನ್ನತ್ತ ಬಾಗಿ ಕಿವಿಯಲ್ಲಿ ಹೇಳಿದರು: "ನಾನೂ ಹಿಂಗೇ ಮಾಡ್ತೀನ್ರಿ."

ಅಂದು ಆಕೆ ಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತಿಂದೆ. ಖಾನಾವಳಿಗೆ ಹೋಗಲಿಲ್ಲ.

ಊಟ ಆಯ್ತಾ?

ಆಮೇಲೆ ಸಾಹೇಬರು ಇಂಕ್‌ಜೆಟ್ ಪ್ಲಾಟರ್ ತಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ನಕ್ಷೆ ಹೊರಗೆ. ಯಾರೂ ಕೂರಲಿಲ್ಲ. ಬಂದರು, ಸುತ್ತಿಕೊಂಡರು, ಹೋದರು. ಹಳೆಯದಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟೆ. ಕೋಣೆ ಖಾಲಿ ಖಾಲಿ ಅನಿಸಿ, ಒಂದು ಮಧ್ಯಾಹ್ನ ಹೊಸ ಪ್ಲಾಟರನ್ನೇ ಕೇಳಿದೆ: "ಊಟ ಆಯ್ತೇನಪ್ಪ?"

"ಆಗ್ಯಾದ್ರಿ, ನಿಮ್ದು?" ಎಂದಿತು ದನಿ.

ಬಾಗಿಲಲ್ಲಿ ಕಾರ್ಖಾನೆಯವರೊಬ್ಬರು ಶೆಡ್ಡಿನ ನಕ್ಷೆಗಾಗಿ ನಿಂತಿದ್ದರು. "ಆಯ್ತು" ಎಂದೆ. ನಕ್ಷೆ ತಗೊಂಡು ಹೊರಟುಹೋದರು. ಆ ವಾರ ನಾನು ಆಡಿದ ದೊಡ್ಡ ಮಾತುಕತೆ ಅದೇ.

ರಾಜೇಶ್ವರದ ಯಜಮಾನರು

ಒಂದು ದಿನ ರಾಜೇಶ್ವರದಿಂದ ರುಮಾಲು ಸುತ್ತಿದ ಯಜಮಾನರೊಬ್ಬರು ಬಂದರು. ಅವರು ಕುರ್ಚಿ ಎಳೆಯುವಷ್ಟರಲ್ಲಿ ನಕ್ಷೆ ಕೈಗೆ ಕೊಟ್ಟೆ. ಅವರ ಮುಖ ಸಣ್ಣದಾಯಿತು.

"ಇಷ್ಟ ಲಗೂ? ಅರ್ಧಾ ಆಯುಷ್ಯ ಕಾದೀನ್ರಿ ಈ ಮನಿಗೆ. ಕುಂದ್ರಾಕ ಸೈತ ಬಿಡಲಿಲ್ಲ ನೀವು. ನಿಮ್ಮ ಹಳೀ ಮಷೀನು ನಮ್ಮ ಬೀಗರ ನಕ್ಷಾ ಪೆನ್ನಿಲೆ ಬರೆದಿತ್ತಂತ. ನಂದೂ ಹಂಗೇ ತೆಗೀರಿ."

"ಪೆನ್ನು ಒಣಗಿರಬಹುದು ಯಜಮಾನರೇ, ತಡ ಆಗುತ್ತೆ."

"ಆಗಲಿ."

ಬಟ್ಟೆ ತೆಗೆದೆ. ಒಂದು ಕರಿ ಪೆನ್ನಿಗೆ ಜೀವವಿತ್ತು. ಗೆರೆ ಶುರುವಾಯಿತು. "ಯಾವೂರ್ರಿ ನಿಮ್ದು? ಮನ್ಯಾಗ ಯಾರ್ಯಾರು ಅದಾರ?" ಎಂದು ಕೇಳಿದರು. ಎಷ್ಟು ಕಾಲವಾಗಿತ್ತೋ ನನ್ನನ್ನು ಯಾರಾದರೂ ಹಾಗೆ ಕೇಳಿ! ಅವ್ವ ಹೋದದ್ದು, ಕೂಡಿಬರದೆ ತಪ್ಪಿದ ಮದುವೆ, ಖಾನಾವಳಿಯ ತಿಳಿಸಾರು, ಎಲ್ಲ ಹೇಳಿದೆ. ಅವರು "ಹೂಂ, ಹೂಂ" ಎನ್ನುತ್ತಿದ್ದರು. ಕಣ್ಣು ತುಂಬಿ ಬಂತು. ನಕ್ಷೆ ಮುಗಿಯುವುದು ಬೇಡವೆನಿಸಿ, ಕದ್ದು ಪೆನ್ನಿನ ವೇಗ ಇಳಿಸಿದೆ.

ಆದರೂ ಮುಗಿಯಿತು. ಹಾಳೆ ಸುತ್ತಿ ಕೊಟ್ಟೆ. ಯಜಮಾನರು ಏಳಲಿಲ್ಲ.

"ಇನ್ನೊಂದು ತೆಗೀರಿ," ಎಂದರು.

"ಆಗಲೇ ಎರಡಾಯ್ತಲ್ಲ, ಇನ್ನೊಂದು ಯಾಕೆ?"

ಅವರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಬಂದಾಗಿಂದ ನೀವೇ ಮಾತಾಡಾಕತ್ತೀರಿ. ನನ್ನ ಪಾಳಿ ಯಾವಾಗ್ರಿ?"