ಗಣಪತಿಗಳ ಪಂಕ್ತಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಉಳಿದ ಹಲ್ಲೂ ಉದುರಲಿ. ಶಿರಸಿಯ ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡುವ ಕಿಟಕಿಯ ಹಿಂದೆ ಕೂತವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಹುಲಿಗೂ ಹೆದರಿದವನಲ್ಲ. ಹೆದರುವುದು ಎರಡಕ್ಕೇ: ನಮ್ಮ ಹಳೇ ಕಂಪ್ಯೂಟರಿಗೆ, ಹಲ್ಲಿನ ಡಾಕ್ಟರ ಇಕ್ಕುಳಕ್ಕೆ.

ಎಲ್ಲರೂ ಒಟ್ಟಿಗೆ

ನಾನು ಕೆಲಸಕ್ಕೆ ಸೇರಿದ ಹೊಸತು. ಹೇರೂರಿನವರೊಬ್ಬರು ಹಲ್ಲುನೋವೆಂದು ಬಂದರು. ಹೆಸರು ಗಣಪತಿ. ಹಳೇ ದಾಖಲೆ ಹುಡುಕಲು ಅಷ್ಟನ್ನೇ ಒತ್ತಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮನೆಗೊಬ್ಬ ಗಣಪತಿ; ಅಷ್ಟೂ ಜನ ಫೋಟೋ ಸಮೇತ ಆ ಬಡಪಾಯಿ ಯಂತ್ರದ ತಲೆಯೊಳಗೆ ನುಗ್ಗಿದರು. ಪರದೆ ಬಿಳುಚಿತು. ಫ್ಯಾನು ನರಳಿತು. ನನ್ನ ಬೆನ್ನಲ್ಲಿ ಬೆವರು. ಯಾವ ಮದ್ದು ಆಗಿಬರುವುದಿಲ್ಲವೆಂದು ದಾಖಲೆಯಲ್ಲಿ ನೋಡದೆ ನಮ್ಮ ಡಾಕ್ಟರು ಹಲ್ಲು ಮುಟ್ಟುವವರಲ್ಲ.

"ಯಂತ್ರ ನಿಂತೋತು. ಇವತ್ತು ಆಗ್ತಿಲ್ಲೆ," ಎಂದು ಬೈಗುಳಕ್ಕೆ ಕಾದೆ.

ಅವರ ಮುಖ ಅರಳಿತು. "ಪುಣ್ಯ ಬರ್ತು ನಿಂಗೆ," ಎಂದು ಕೆನ್ನೆ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಓಡಿದರು.

ಊಟದಲ್ಲಿ ಹೊಳೆದದ್ದು

ಮ್ಯಾನೇಜರು ಬನವಾಸಿ ಕಡೆಯವರು. "ಏನ್ರೀ, ಇನ್ನೊಮ್ಮೆ ಅದು ನಿಂತ್ರ ನೀವೂ ಮನೀಗೆ ನಡೀರಿ," ಎಂದರು. ಅಲ್ಲಿಂದ ಗಣಪತಿ ಎಂದು ಯಾರು ಹೇಳಿದರೂ ನನಗೆ ಚಳಿ. ನನ್ನ ಹೆಸರೂ ಅದೇ ಆದ್ದರಿಂದ ದಿನವಿಡೀ ಚಳಿ.

ಕೊನೆಗೆ ಒಂದು ಮದುವೆಮನೆಯಲ್ಲಿ ದಾರಿ ಕಂಡಿತು. ಊರನ್ನೆಲ್ಲ ಒಂದೇ ಸಲ ಎಲೆಗೆ ಕೂರಿಸುತ್ತಾರೆಯೇ? ಒಂದು ಪಂಕ್ತಿ ಎದ್ದು ಎಲೆ ತೆಗೆದ ಮೇಲೆ ಇನ್ನೊಂದು. ಕಂಪ್ಯೂಟರ್ ರಿಪೇರಿಯವನ ಹತ್ತಿರ ಹಾಗೇ ಮಾಡಿಸಿದೆ: ಸಲಕ್ಕೆ ಇಪ್ಪತ್ತೇ ಹೆಸರು ಬರಬೇಕು, ನೋಡಿ ಮುಗಿದರೆ ಅವನ್ನು ಬಿಟ್ಟು ಮುಂದಿನ ಇಪ್ಪತ್ತು. ಯಂತ್ರ ಮತ್ತೆ ನಿಲ್ಲಲಿಲ್ಲ. ನನ್ನಂಥ ತಲೆ ಮೂರು ತಾಲೂಕಿನಲ್ಲಿಲ್ಲ ಎಂದು ನಾನೇ ಸಾರಿದೆ.

"ಮದುವೆಯಲ್ಲಿ ನೀವು ಕೂತದ್ದು ಎಷ್ಟನೇ ಪಂಕ್ತಿಗೆ?" ಎಂದ ರಿಪೇರಿಯವ.

"ಎಲ್ಲದಕ್ಕೂ," ಎಂದೆ.

ನನ್ನ ಸರದಿ

ಒಂದು ದಿನ ನನ್ನದೇ ದವಡೆ ಹಲ್ಲು ನೋಯಲು ಹಿಡಿಯಿತು. ಕಿಟಕಿಯ ಆಚೆ ನಾನು, ಒಳಗೆ ನರ್ಸು. ಡಾಕ್ಟರು ಮಧ್ಯಾಹ್ನದ ಯಲ್ಲಾಪುರ ಬಸ್ಸಿಗೆ ಹೋಗುವವರು. ಅಲ್ಲಿವರೆಗೆ ದಾಖಲೆ ಸಿಗದಿದ್ದರೆ ನಾನು ಬಚಾವು.

"ಪೂರ್ತಿ ಹೆಸರು ಹೇಳು, ಗಣಪಣ್ಣ."

"ಗಣಪತಿ. ಅಷ್ಟೇಯ."

"ಊರು?"

"ನೆನಪಿಲ್ಲೆ."

"ಅಪ್ಪನ ಹೆಸರು?"

"ನೋವಲ್ಲಿ ಮರ್ತೋತು."

"ಪಗಾರದ ದಿನ ಎಲ್ಲಾ ನೆನಪಿರ್ತು ನಿಂಗೆ," ಎಂದು ಗುಂಡಿ ಒತ್ತಿದಳು. ಇಪ್ಪತ್ತು ಗಣಪತಿಗಳು ಬಂದರು; ನಾನಿಲ್ಲ. ಇನ್ನಿಪ್ಪತ್ತು, ಇಲ್ಲ. ಯಂತ್ರ ಕೆಮ್ಮಲೂ ಇಲ್ಲ. ಒಂದೇ ಒಂದು ಸಲ ನಿಲ್ಲು ಮಾರಾಯ, ಎಂದು ಅದಕ್ಕೆ ಕೈಮುಗಿದೆ. ಒಳಗೆ ಇಕ್ಕುಳ ಖಣ್ಣೆಂದಿತು. ಅಷ್ಟರಲ್ಲಿ ಡಾಕ್ಟರು ಚೀಲ ಹೆಗಲಿಗೇರಿಸಿ ಹೊರಬಂದರು. ಹೋದ ಜೀವ ಬಂತು.

"ಕಡೇ ಪಂಕ್ತಿ," ಎಂದಳು ನರ್ಸು. "ನೀ ಒಬ್ಬನೇ ಉಳಕಂಡಿದ್ದೆ, ಗಣಪಣ್ಣ. ಬಾ, ಎಲೆ ಹಾಕಿದ್ದು."

ಡಾಕ್ಟರು ಚೀಲ ಇಳಿಸಿದರು. "ನಿಮ್ಮ ಉಪಾಯ ಇಲ್ಲದಿದ್ದರೆ ಇವತ್ತು ಬಸ್ಸು ಸಿಗುತ್ತಿತ್ತು ನನಗೆ," ಎಂದರು.

ಹಲ್ಲು ಕೀಳುವಾಗ ನಾನು ಸೊಲ್ಲೆತ್ತದೆ ಕಲ್ಲಿನ ಹಾಗೆ ಕೂತಿದ್ದೆ.

ಮೇಲಿನ ಈ ಒಂದು ಸಾಲು ಮಾತ್ರ ನಾನು ಸೇರಿಸಿದ್ದು. ಯಲ್ಲಾಪುರ ಬಸ್ಸಿನ ಡ್ರೈವರು ನನ್ನ ಕೂಗನ್ನು ಹಿಂದಿನ ಲಾರಿಯ ಹಾರ್ನೆಂದು ತಿಳಿದು ದಾರಿ ಬಿಟ್ಟನಂತೆ. ಇಷ್ಟು ಬರೆಯುವಷ್ಟರಲ್ಲಿ, ನೋಡಿ, ಪಕ್ಕದ ಹಲ್ಲು ಅಲುಗಾಡತೊಡಗಿದೆ.